ಹೊರ್ಪಿನಜ್ಜಿ ಕೇಳಿದ ಉಪ್ಪು

ಮೆಲ್ಲಗೆ ಮಾತಾಡಿ, ಚಳಿಗೆ ಬೆಚ್ಚಗಿರಲಿ ಅಂತ ಒಲೆಗಟ್ಟೆ ಮೇಲೆ ಮಲಗಿರೋ ಮಕ್ಕಳು ಎದ್ದಾವು. ಮೊದಲೇ ಹೇಳ್ತೀನಿ, ಕಟ್ಟುಕತೆ ಬೇಕಿದ್ರೆ ಬೇರೆಯವರನ್ನ ಕೇಳಿ. ಇದು ನನ್ನ ಚಿಕ್ಕಪ್ಪನ ಮಗಳು ಮೋತ್ರ್ಯಾಗೆ ಆದದ್ದು.

ಪ್ರಿಪ್ಯಾತ್ ಹೊಳೆ ದಂಡೇಲಿ ಅಗಸೆ ನಾರು ಬಡಿಯೋ ಕೆಲಸ ಮುಗಿಸಿ ಒಬ್ಬಳೇ ಬರ್ತಿದ್ದಳು. ಕತ್ತಲು ಕವಿದಿತ್ತು. ಊರಬಾವಿ ಹತ್ರ ಬಂದಳು... ಏತದ ಮರ ಕಿರ್ರ್ ಅಂತು. ಗಾಳಿ ಒಂಚೂರೂ ಇಲ್ಲ. ಮತ್ತೆ ಕಿರ್ರ್... ಆಮೇಲೆ ನೀರು ತೊಟ್ಟಿಕ್ಕೋ ಸದ್ದು. ತೊಟ್... ತೊಟ್... ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು.

"ಮೋತ್ರ್ಯಾ... ಮಗು ಹಾಲು ಕುಡೀತಾ?"

ದನಿ ನಮ್ಮೂರ ಸೂಲಗಿತ್ತಿ ಹೊರ್ಪಿನಜ್ಜಿದು. ಅವಳನ್ನ ಮಣ್ಣು ಮಾಡಿ ವಾರ ಆಗಿತ್ತು.

ಹಿಂದಿನದು ಹೇಳದೆ ಗತಿಯಿಲ್ಲ, ಹೇಳೋಕೆ ನಾಚಿಕೆ ಆಗುತ್ತೆ. ಜ್ವರ ಬಂದು ಮೋತ್ರ್ಯಾಳ ಎದೆಹಾಲು ಬತ್ತಿತ್ತು. ಮಗುವಿಗೆ ಇದ್ದದ್ದು ಲಿಸ್ಕಾ ಹಸುವಿನ ಹಾಲೊಂದೇ. ಅದರ ಕೆಚ್ಚಲೂ ಊದಿ, ಹಾಲಲ್ಲಿ ರಕ್ತ ಬಂತು. ಹಾಗಾದ್ರೆ ನಮ್ಮ ಸೀಮೇಲಿ ಏನಂತಾರೆ? ವೇದ್ಮಾ, ಅಂದ್ರೆ ಮಾಟಗಾತಿ, ಹಾಲು ಕದ್ದಳು ಅಂತಾರೆ. ಹಾಲು ಸೋಸೋ ಬಟ್ಟೆಗೆ ಸೂಜಿ ಚುಚ್ಚಿ ಕುದಿಸ್ತಾರೆ. ಆ ಸೂಜಿ ಅವಳ ಮೈಗೆ ನಾಟಿ, ಉರಿ ತಾಳಲಾರದೆ ಏನಾದ್ರೂ ಕೇಳೋ ನೆಪದಲ್ಲಿ ಓಡಿ ಬರ್ತಾಳಂತೆ. ಮೊದಲು ಬಂದು ಕೇಳಿದವಳೇ ವೇದ್ಮಾ. ಅವಳಿಗೆ ಏನೂ ಕೊಡಬಾರದು.

ಗಂಡ ಹ್ನಾತ್ ಬಟ್ಟೆ ಕುದಿಸಿದ. ಬಾಗಿಲು ತಟ್ಟಿದ್ದು ಹೊರ್ಪಿನಜ್ಜಿ. ಒಂದು ಹಿಡಿ ಉಪ್ಪು ಕೊಡು ಅಂದಳು. ಆ ಮಗು ಈ ಲೋಕಕ್ಕೆ ಬಿದ್ದದ್ದೇ ಆ ಸೂಲಗಿತ್ತಿ ಕೈಗೆ, ನೋಡಿ. ಆದ್ರೂ ಮೋತ್ರ್ಯಾ ಮುಖ ಮೋರೆ ನೋಡದೆ, "ತೊಲಗೇ, ವೇದ್ಮಾ" ಅಂದು ಅಗುಳಿ ಹಾಕಿದಳು.

ಅಜ್ಜಿ ಬಾಗಿಲಾಚೆಯಿಂದಲೇ ಹೇಳಿದಳು. "ವೇದ್ಮಾ ಅಂದ್ರೆ ತಿಳಿದವಳು ಅಂತ ಕಣಮ್ಮ. ನಮ್ಮಜ್ಜಿ ಕಾಲದಲ್ಲಿ ಅದು ಮರ್ಯಾದೆ ಮಾತು."

ಅಷ್ಟೇ ಅಂದು ಹೋದಳು. ನಾಲ್ಕು ದಿನಕ್ಕೆ ಸತ್ತಳು. ಸಾಯೋವಾಗ ಕೈ ಚಾಚಿದಳಂತೆ. ಕೈ ಹಿಡಿದವರಿಗೆ ಅವಳ ವಿದ್ಯೆ ಅಂಟಿಕೊಳ್ಳುತ್ತೆ ಅಂತ ಒಬ್ಬರೂ ಹಿಡೀಲಿಲ್ಲ. ನಾವೂ ಮನುಷ್ಯರಂತೆ, ಥೂ!

ಮಣ್ಣಾದ ಮೇಲೆ ದನ ಕಾಯೋ ಯೂಖಿಮ್ ಬಾಯಿಬಿಟ್ಟ. ಕೆಚ್ಚಲು ಊದಿದ್ರೆ ಅಜ್ಜಿ ಮದ್ದು ಅರೆಯೋದು ಆ ಹಸು ಇರೋ ಮನೆಯ ಉಪ್ಪಿನಲ್ಲೇ ಅಂತೆ. ಯಾಕೆ ಅಂತ ಹೇಳಿದ್ರೆ ಮದ್ದು ಕೆಲಸ ಮಾಡಲ್ಲ, ಅದಕ್ಕೇ ಬರೀ ಉಪ್ಪು ಕೇಳಿ ಸುಮ್ಮನಾಗ್ತಿದ್ದಳಂತೆ. ಕೇಳಿದ ಮೋತ್ರ್ಯಾಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸ್ತು. ಮನೇಲಿ ಮಗು ಗಂಜಿತಿಳಿ ಕುಡಿದೂ ಕುಡಿದೂ ಕಡ್ಡಿ ಆಗಿತ್ತು.

ಅದಕ್ಕೇ ಬಾವಿ ಹತ್ರ ಅವಳು ಓಡಲಿಲ್ಲ. ತಿರುಗಿ ನೋಡೋಕೆ ಮುಖವೂ ಇರಲಿಲ್ಲ.

"ಇಲ್ಲಜ್ಜಿ" ಅಂದಳು.

ಒದ್ದೆ ಬೂಟಿನ ಸದ್ದು ಮನೆವರೆಗೂ ಹಿಂದೆ ಬಂತು. ಪಚಕ್... ಪಚಕ್...

ಮಲಗೋ ಮುಂಚೆ ಮೋತ್ರ್ಯಾ ಉಪ್ಪಿನ ಬಟ್ಟಲು ಕೊಟ್ಟಿಗೇಲಿಟ್ಟು ಬಾಗಿಲು ಓರೆ ಮಾಡಿ ಬಂದಳು. ತಲೆ ಕೆಟ್ಟಿದೆಯಾ, ಅಗುಳಿ ಹಾಕು ಅಂತ ಹ್ನಾತ್ ಬೈದ. "ಒಂದು ಸಲ ಹಾಕಿದ್ದೇ ಸಾಕು" ಅಂದಳು.

ಇಬ್ಬರೂ ಉಸಿರು ಹಿಡಿದು ಬಿದ್ದುಕೊಂಡಿದ್ದರು. ಎಷ್ಟೋ ಹೊತ್ತಿಗೆ... ಚರ್... ಚರ್... ಖಾಲಿ ಬಕೆಟ್ಟಿನ ತಳಕ್ಕೆ ಹಾಲು ಬೀಳೋ ಸದ್ದು. ಆಮೇಲೆ ಮೆತ್ತಗೆ, ನೊರೆ ಮೇಲೆ ಬೀಳೋ ಸದ್ದು. ಆಮೇಲೆ ಏನೂ ಇಲ್ಲ.

ಬೆಳಕು ಹರಿಯುತ್ತಲೇ ನನ್ನ ಕರೆಸಿದಳು. ಹೋಗಿ ನೋಡ್ತೀನಿ, ಬಕೆಟ್ ತುಂಬ ಹಾಲು, ಒಂದು ಹನಿ ರಕ್ತ ಇಲ್ಲ. ಲಿಸ್ಕಾಳ ಕೆಚ್ಚಲಿಗೆ ಹಸಿರು ಮದ್ದು ಮೆತ್ತಿತ್ತು, ಅದರ ಮೇಲೆ ಬೆರಳುಗಳ ಗುರುತು. ಮುಟ್ಟಿ ನೋಡಿದೆ, ಮದ್ದು ಇನ್ನೂ ಬೆಚ್ಚಗಿತ್ತು. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗಲಿ.

ಮಗು ಆ ಹಾಲು ಕುಡಿದು ಬದುಕಿತು. ಮೋತ್ರ್ಯಾ ಮಾತ್ರ ಆ ಹಸುವಿನ ಹಾಲನ್ನ ಒಂದು ಗುಟುಕೂ ಬಾಯಿಗೆ ಹಾಕಲಿಲ್ಲ. ಯಾಕೇ ಅಂತ ನಾನೇ ಕೇಳಿದ್ದೆ. ನಂಗೆ ಕೊಟ್ಟದ್ದಲ್ಲ ಅದು, ಅಂದಳು.