ರೂಬ್ ಪೆಂಗೆಲಿಗೆ ಬಾಕಿ ಉಳಿದ ಒದೆ

ಟಾರಿಂಗಲ್ ಊರಿನ ಫುಟ್‌ಬಾಲ್ ಮೈದಾನದ ಅಂಚಿನಲ್ಲಿದ್ದ ತಗಡಿನ ಶೆಡ್ಡಿನ ಮೇಲೆ ಸಂಜೆಯ ಮಳೆ ಜಲ್ಲಿ ಸುರಿದಂತೆ ಸುರಿಯುತ್ತಿತ್ತು. ಅಭ್ಯಾಸ ಮುಗಿಸಿದ ಆಟಗಾರರು ಮನೆಗೆ ಹೋಗಲಾರದೆ, ಒದ್ದೆ ಉಣ್ಣೆಯಂಗಿಗಳನ್ನು ಒಲೆಯ ಸುತ್ತ ಹರವಿಕೊಂಡು ಬೆಂಚುಗಳ ಮೇಲೆ ಮುದುರಿ ಕೂತಿದ್ದರು. ಊರ ತಂಡದ ಕಾಲುಗಳಿಗೆ ನೀಲಗಿರಿ ಎಣ್ಣೆ ತಿಕ್ಕುತ್ತಲೇ ಹಲ್ಲುದುರಿಸಿಕೊಂಡಿದ್ದ ಮುದುಕ ಬಾರ್ನಿ ಟುಹೀ, ಡಿಗ್ಬಿ ಎಂಬ ಆಟಗಾರನ ಮೀನಖಂಡವನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದ. ಇದೇ ಎಣ್ಣೆ ಹಚ್ಚಿ ಸತ್ತ ಕುದುರೆಯೊಂದನ್ನು ಎಬ್ಬಿಸಿ ಮೆಲ್ಬರ್ನಿನ ರೇಸು ಗೆಲ್ಲಿಸಿದ್ದನ್ನು ಅವನು ಆಗಷ್ಟೇ ಹೇಳಿ ಮುಗಿಸಿದ್ದ.

"ಸಾಕು ಬಾರ್ನಿಯಜ್ಜ, ಆ ಕುದುರೆ ವಾರಕ್ಕೊಂದ್ಸಲ ಸಾಯುತ್ತೆ," ಎಂದ ಡಿಗ್ಬಿ. "ಅದಿರ್ಲಿ, ಉತ್ತರದ ಗೋಲಿನ ಮುಂದೆ ಒಂದು ಕಡೆ ಹುಲ್ಲೇ ಬೆಳೆಯಲ್ವಲ್ಲ, ಅಲ್ಲಿಗೊಂದಿಷ್ಟು ಮರಳು ಹಾಕ್ಸಬಾರ್ದಾ?"

ಬಾರ್ನಿಯ ಕೈ ನಿಂತಿತು. ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಅವನಿಗೆ ಬೇಕಾದದ್ದೂ ಅದೇ.

"ಮರಳಾ?... ಗಾಡಿಗಟ್ಟಲೆ ಹಾಕಿದ್ದೀವಿ ಕಣೋ. ನುಂಗುತ್ತೆ. ಯಾಕೆ ಅಂತ ನಿಮ್ಮಪ್ಪ ಹೇಳ್ಲಿಲ್ವಾ? ಹೇಳಿರಲ್ಲ, ಪುಕ್ಕಲ.

"ರೂಬ್ ಪೆಂಗೆಲಿ ಅಂತ ಇದ್ದ, ಚಿನ್ನದ ಗಣಿಯವರ ಮಗ. ಅವನು ಒದ್ದ ಚೆಂಡು ಮೋಡದೊಳಗೆ ಹೊಕ್ಕು, ಮೋಡ ಒಡೆದು, ಮಳೆ ಬಂದು, ಕೆಳಗಿರೋ ಕುರಿಗಳೆಲ್ಲ ನೆಂದ ಮೇಲೆ ಇಳಿಯೋದು... ನಗ್ರಪ್ಪಾ ನಗ್ರಿ, ಇನ್ನೊಂದು ಸ್ವಲ್ಪ ಹೊತ್ತು ನಗ್ಬೋದು. ಅವನು ನಿಮ್ಮ ಹಾಗೆ ಕೈಯಿಂದ ಚೆಂಡು ಬಿಟ್ಟು ಒದೆಯೋನಲ್ಲ. ಹಿಮ್ಮಡಿಯಿಂದ ನೆಲದಲ್ಲಿ ಗುಳಿ ತೋಡಿ, ಚೆಂಡನ್ನ ಅದರಲ್ಲಿ ನಿಲ್ಲಿಸಿ, ಹಿಂದ್ಹಿಂದಕ್ಕೆ ನಡೆದುಹೋಗಿ, ಅಲ್ಲಿಂದ ಗೂಳಿ ಹಾಗೆ ಓಡಿ ಬಂದು ಒದೀತಿದ್ದ.

"ದೊಡ್ಡ ಯುದ್ಧ ಶುರುವಾದ ಮರುವರ್ಷ, ಕೊಲೀಬಾ ಊರಿನವರ ಜೊತೆ ಕೊನೇ ಆಟ. ಗೆದ್ದೋರಿಗೆ ಬಾವುಟ. ಒಂದು ಗೋಲಾದ್ರೆ ನಮಗೆ, ಇಲ್ದಿದ್ರೆ ಅವ್ರಿಗೆ. ಉತ್ತರದ ಗೋಲಿನ ಮುಂದೆ ರೂಬ್ ಹಾರಿದ ನೋಡಿ... ಕೊಲೀಬಾದ ಎರ್ನ್ ಸ್ಲಾಟರಿಯ ಹೆಗಲಿಗೆ ಮೊಣಕಾಲೂರಿ, ಆಕಾಶದಲ್ಲೇ ಚೆಂಡು ಹಿಡಿದ. ಅವನು ನೆಲಕ್ಕಿಳಿಯೋದ್ರೊಳಗೆ ಆಟ ಮುಗಿಯೋ ಗಂಟೆ ಹೊಡೀತು. ನಮ್ಮಾಟದಲ್ಲಿ ಗಂಟೆಗೆ ಮುಂಚೆ ಚೆಂಡನ್ನ ಕೈಲಿ ಹಿಡಿದೋನಿಗೆ ಒಂದು ಒದೆ ಹಕ್ಕು, ಅವನು ಒದೆಯೋತನಕ ಆಟ ಮುಗಿಯಲ್ಲ, ಹಿಡಿದ ಜಾಗದಲ್ಲಿ ಎದುರಾಳಿ ಕದಲದೆ ನಿಂತಿರ್ಬೇಕು. ನಿಮಗೆ ನಾನು ಹೇಳ್ಕೊಡ್ಬೇಕಾ?

"ಎರ್ನ್ ನಿಂತ. ರೂಬ್ ಗುಳಿ ತೋಡ್ದ. ಅಷ್ಟರಲ್ಲಿ ಕೊಲೀಬಾ ಜನ 'ಗಂಟೆ ಆದ್ಮೇಲೆ ಹಿಡಿದ' ಅಂತ ಕೂಗ್ತಾ ಬೇಲಿ ಮುರಿದು ನುಗ್ಗಿ, ಅದೇನು ಹೊಡೆದಾಟ! ನಾನೊಬ್ಬನೇ ಅರ್ಧ ಕೊಲೀಬಾನ ಮಲಗಿಸಿದೆ. ಒದೆಯೋದಕ್ಕೆ ಆಗ್ಲೇ ಇಲ್ಲ. 'ಯುದ್ಧ ಮುಗಿಸ್ಕೊಂಡು ಬನ್ರಪ್ಪಾ, ಆಮೇಲೆ ಒದ್ರಾಯ್ತು' ಅಂತ ಹಿರಿಯರು ಬಾವುಟನ ಪೆಟ್ಟಿಗೆಗೆ ಹಾಕಿದ್ರು. ಇಬ್ಬರೂ ಒಂದೇ ರೈಲು ಹತ್ತಿದ್ರು. ಫ್ರಾನ್ಸಿನ ಕೆಸರಲ್ಲಿ ಒಂದು ಶೆಲ್ ಬಿದ್ದು ರೂಬ್ ಹೋದ... ಹೂಳೋಕೆ ಒಂದು ಬೆರಳೂ ಸಿಗ್ಲಿಲ್ಲ. ಎರ್ನ್ ಬದುಕಿ ಬಂದ.

"ಯುದ್ಧ ಆದ್ಮೇಲಿನ ಮೊದಲನೇ ಆಟದ ದಿನ, ಮಧ್ಯಾಹ್ನ, ಅಂಪೈರು, ಹಿರಿಯರು, ಎರಡೂ ಊರಿನ ಜನ, ಎಲ್ಲ ರೂಬ್ ಹಿಡಿದ ಜಾಗದಲ್ಲಿ ಸೇರಿದ್ರು. ಎರ್ನ್ ಅವತ್ತು ನಿಂತಲ್ಲೇ ನಿಂತ. ಒದೆಯೋನೇ ಇಲ್ಲ, ಎದುರು ನಿಂತೋನ ಮಾತೇ ತೀರ್ಪು ಅಂತಾಯ್ತು. ರೂಬ್ ಗಂಟೆಗೆ ಮುಂಚೆ ಹಿಡಿದ ಅಂತ ಎರ್ನ್ ಅಂದ್ರೆ, ಬಾವುಟ ರೂಬನ ತಾಯಿಗೆ. ಗೋರಿ ಇಲ್ಲದ ಮಗ ನೋಡಿ... ಆ ಮುದುಕಿಗೆ ಗೋಡೆಗೆ ತೂಗುಹಾಕೋಕೆ ಏನಾದ್ರೂ ಒಂದು ಬೇಕಿತ್ತು.

"'ಹೇಳಪ್ಪ ಎರ್ನ್, ನನ್ನ ಮಗ ಮುಂಚೆ ಹಿಡಿದ್ನಾ?' ಅಂದ್ಲು. ಎರ್ನ್ ತನ್ನ ಊರೋರ ಮುಖ ನೋಡ್ದ. ಅವರ ಮಕ್ಕಳೂ ಅದೇ ಕೆಸರಲ್ಲಿ ಮಲಗಿದ್ರಲ್ಲ. 'ಆಮೇಲೆ ಹಿಡಿದ, ಅಮ್ಮಾ' ಅಂದ. ಮುದುಕಿ ಟೋಪಿ ಸರಿಮಾಡ್ಕೊಂಡು ಹೊರಟ್ಲು.

"ಎರ್ನ್ ಕಾಲೆತ್ತಿದ... ಬರ್ಲಿಲ್ಲ. ಇನ್ನೊಂದು ಎತ್ತಿದ... ಅದೂ ಬರ್ಲಿಲ್ಲ. ನಾಲ್ಕು ಜನ ಎಳೆದ್ರು. ಕುದುರೆ ಕಟ್ಟಿ ಎಳೆಸಿದ್ರು. ಆಗ ಅವನ ಎದುರಿಗೆ, ಯಾರೂ ಇಲ್ಲದ ಕಡೆ, ಯಾರೋ ಹಿಮ್ಮಡಿ ಊರಿ ತಿರುವಿದ ಹಾಗೆ ನೆಲ ಕುಸಿದು ಗುಳಿಯಾಯ್ತು. ನಮ್ಮೂರ ಮಣ್ಣು ಕೆಂಪು ಕಣ್ರೋ. ಅದರೊಳಗಿಂದ ಉಕ್ಕಿದ್ದು ಬೂದು ಬಣ್ಣದ ಕೆಸರು!

"'ಮುಂಚೇನೇ ಹಿಡಿದ! ಸುಳ್ಳು ಹೇಳ್ದೆ! ಬಾವುಟ ಕೊಟ್ಬಿಡಿ, ನನ್ನ ಬಿಡಿಸಿ!' ಅಂತ ಎರ್ನ್ ಕಿರುಚಿದ. ಅಲ್ಲಿಗೆ ಮುಗೀಬೇಕಿತ್ತು, ಅಲ್ವಾ? ಆದ್ರೆ ಆ ಅಂಪೈರು, ಕಟ್ಟಾ ಶಿಸ್ತಿನ ಮನುಷ್ಯ, 'ಮುಂಚೆ ಹಿಡಿದಿದ್ರೆ... ಒದೆ ಬಾಕಿ ಇದೆ' ಅಂದೋನೇ, ಅಭ್ಯಾಸಬಲ ನೋಡಿ, ಸೀಟಿ ಊದಿಬಿಟ್ಟ.

"ಆಟ ಶುರುವಾಗೋಯ್ತು.

"ಒದ್ದೆ ಹುಲ್ಲಿನ ಮೇಲೆ ಬೂಟಿನ ಗುರುತು ಒಂದೊಂದಾಗಿ ಮೂಡ್ತಾ, ಗುಳಿ ಕಡೆಗೆ ಮುಖ ಇಟ್ಕೊಂಡೇ ಹಿಂದ್ಹಿಂದಕ್ಕೆ ಹೋದ್ವು... ಮೈದಾನ ದಾಟಿ, ಬೇಲಿ ದಾಟಿ, ರೈಲು ಹಳಿ ಹಿಡಿದು... ಎಲ್ಲೂ ನಿಲ್ಲಲಿಲ್ಲ. ಎರ್ನ್ ಕಣ್ಣಿಗೆ ಮಾತ್ರ ರೂಬ್ ಕಾಣ್ತಿದ್ದ. 'ಇನ್ನೂ ಹಿಂದೆ ಹೋಗ್ತಿದ್ದಾನೆ... ಇನ್ನೂ ಹೋಗ್ತಿದ್ದಾನೆ' ಅಂತಿದ್ದ. ಅವನ ತಲೆ ಮೇಲೊಂದು ಟಾರ್ಪಾಲು ಕಟ್ಟಿದ್ವಿ. ಸೂಪು ತಂದು ಕುಡಿಸಿದವಳು ಯಾರು ಗೊತ್ತಾ? ರೂಬನ ತಾಯಿ. ಕುಡಿಸಿ, ಹಳಿ ಕಡೆ ತಿರುಗಿ, 'ಬೇಗ ಒದ್ಬಿಡು ಮಗನೇ, ಇವನ ಕಾಲು ಊದ್ಕೊಂಡಿದೆ' ಅನ್ನೋಳು. ಎರ್ನ್ ನಿಂತಲ್ಲೇ ಸತ್ತ. ಸತ್ತ ಮೇಲೂ ಬೀಳ್ಲಿಲ್ಲ. ಕೊನೆಗೆ ಗರಗಸ ತರಿಸಿದ್ವಿ... ಬೂಟುಗಳು ಅಲ್ಲೇ ಕೆಳಗಿವೆ. ಎದುರಾಳಿ ಇನ್ನೂ ನಿಂತಿದ್ದಾನೆ ಅಂತಲೇ ಲೆಕ್ಕ."

ಯಾರೂ ನಗಲಿಲ್ಲ. "ಮತ್ತೆ ಪೆಂಗೆಲಿ? ಒದ್ದನಾ?" ಎಂದು ಡಿಗ್ಬಿಯೇ ಕೇಳಿದ.

"ಫ್ರಾನ್ಸಿನತನಕ ಹಿಂದಕ್ಕೆ ನಡೆದೋನು ಓಡಿ ಬರೋಕೆ ಹೊತ್ತು ಬೇಡ್ವೇನೋ? ಅದೂ ಸಮುದ್ರದ ತಳದಲ್ಲಿ! ಹೋದ ವರ್ಷ ಬಂದರಿನ ಮೀನುಗಾರರು ಆ ಬೂಟಿನ ಸದ್ದು ಕೇಳಿದ್ರಂತೆ. ಈ ಚಳಿಗಾಲ ನಮ್ಮ ರೈಲು ಸೇತುವೆ ಕಾಯೋನು ಯಾರಿಗೂ ಹೇಳ್ದೆ ಕೆಲಸ ಬಿಟ್ಟ... ಈ ಶೆಡ್ಡು ಕಟ್ಟಿದ್ದು ರೂಬ್ ಹಿಂದಕ್ಕೆ ನಡೆದುಹೋದ್ಮೇಲೆ. ಆ ಸೇತುವೆಯಿಂದ ಗುಳಿಗೆ ನೇರ ಗೆರೆ ಎಳೆದು ನೋಡಿ ಬೇಕಾದ್ರೆ, ಆ ಬಾಗಿಲಲ್ಲಿ ಬಂದು ಈ ಕಿಟಕೀಲಿ ಹೋಗುತ್ತೆ. ಓಡಿ ಬರುವಾಗ ರೂಬ್ ಯಾರಿಗೂ ಪಕ್ಕಕ್ಕೆ ಸರಿದೋನಲ್ಲ..."

ಮುದುಕ ಶೀಸೆಯ ಬಿರಡೆ ಮುಚ್ಚಿ, ತನ್ನ ಸ್ಟೂಲನ್ನು ಗೋಡೆಗೆ ಎಳೆದುಕೊಂಡ.

"ಡಿಗ್ಬಿ, ಕಾಲು ಸ್ವಲ್ಪ ಒಳಕ್ಕೆ ಎಳ್ಕೊಳ್ಳಪ್ಪ."