ಒಂದು ಹಾಡಿನ ಹೊತ್ತು ಕಚ್ಚಿಕೊಂಡಿರು

...ಇನ್ನೂ ದೊಡ್ಡದಾಗಿ ತೆಗಿ. ಇನ್ನೂ... ಅಷ್ಟೇನಾ? ಮನೇಲಿ ನನ್ನ ಮೇಲೆ ಕೂಗಾಡೋವಾಗ ಗುಹೆ ಥರ ತೆರೆಯತ್ತೆ ಈ ಬಾಯಿ, ಕುರ್ಚಿಯಲ್ಲಿ ಕೂತ ತಕ್ಷಣ ಮೊಗ್ಗು! ಕಣ್ಣು ಯಾಕೆ ಹಾಗೆ ಬಿಡ್ತೀಯ? ಇನ್ನೂ ಮುಟ್ಟೇ ಇಲ್ಲ ನಾನು. ಹಲ್ಲಿನ ಡಾಕ್ಟರ್ ಮಗಳು, ಸಾಲದು ಅಂತ ತಾನೇ ಹಲ್ಲಿನ ಡಾಕ್ಟರ್ ಆಗಿರೋಳು, ಅಮ್ಮನ ಕೈ ಕಂಡ್ರೆ ಹೀಗೆ ಬೆದರಿದ್ರೆ ಹೊರಗೆ ಬೆಂಚಿನ ಮೇಲೆ ಕೂರೋರ ಗತಿ ಏನು?

ಏನದು ಊಂ ಊಂ? ಮಾತು ಬೇಡ. ಬಾಯಲ್ಲಿ ಹತ್ತಿ ಇದೆ, ನಾಲಿಗೆ ಆಡಿಸಿದ್ರೆ ಒದ್ದೆಯಾಗತ್ತೆ. ಬೆಳಗ್ಗೆಯಿಂದ ನೀನೇ ಮಾತಾಡಿದ್ದೀಯ. ಅಮ್ಮಾ ಕೇಳಿದ್ಯಾ, ಅಮ್ಮಾ ಸರಿಯಾಗಿ ಕೇಳಿದ್ಯಾ, ಸಂಜೆಯೊಳಗೆ ಬ್ಯಾಂಡಿನವರಿಗೆ ಉತ್ತರ ಹೇಳ್ಬೇಕು, ಅವರ ಜೊತೆ ಹೋಗ್ಲಾ ಬೇಡ್ವಾ... ಕೇಳಿದೀನಿ ಮಹಾತಾಯಿ! ನಿಮ್ಮ ರೆಕಾರ್ಡಿಂಗನ್ನ ಬಟ್ಟೆ ಮಡಚ್ತಾ ಕೇಳಿದೀನಿ, ಸೋಫಾ ಮೇಲೆ ಕಣ್ಣು ಮುಚ್ಕೊಂಡು ಕೇಳಿದೀನಿ. ನಿಮ್ಮಪ್ಪ ನಿದ್ದೆ ಬಂತಾ ಅಂತ ಬಂದು ಅಲುಗಾಡಿಸಿ ನೋಡಿದ್ರು. ಉತ್ತರ ಅದೇ. ಹೋಗಬೇಡ.

ನೋಡು, ಹುಬ್ಬು ಗಂಟಾಯ್ತು. ಯಾಕೆ ಅಂತ ಕಾರಣ ಬೇಕಾ? ಹೇಳ್ತೀನಿ, ನೆಟ್ಟಗೆ ಕೂತ್ಕೋ. ಆ ರೆಕಾರ್ಡಿಂಗಲ್ಲಿ ನಿಮ್ಮ ಡುಮ್ಮನ ಬೇಸ್ ಗಿಟಾರು ಕೇಳತ್ತೆ. ಡುಂ ಡುಂ ಅಂತ ಗೋದಾಮಲ್ಲಿ ಡ್ರಮ್ ಉರುಳಿಸಿದ ಹಾಗೆ, ಆದ್ರೂ ಕೇಳತ್ತೆ. ಜುಟ್ಟಿನವನು ಡ್ರಮ್ ಬಡಿಯೋದು ಕೇಳತ್ತೆ. ನೀನೆಲ್ಲಿ? ಕೀಬೋರ್ಡ್ ಮುಂದೆ ನಿನ್ನ ನಿಲ್ಲಿಸಿದಾರಂತೆ, ಸರಿ, ನುಡಿಸಿದ್ದು ಯಾರು, ಗಾಳಿಯಾ? ಮಧ್ಯೆ ಎಲ್ಲೋ ಒಂಚೂರು ಗೊಣಗಿದ ಹಾಗಿತ್ತು. ಕೊನೆಯ ಹಾಡಲ್ಲಂತೂ ನಿನ್ನ ಪತ್ತೆಯೇ ಇಲ್ಲ! ಓದು ಮುಗಿಸಿ, ಇಲ್ಲಿ ಪಕ್ಕದ ಕೋಣೆಯಲ್ಲಿ ನಿನಗೆ ಅಂತ ಹೊಸ ಕುರ್ಚಿ ಹಾಕಿಸಿ, ಪ್ಲಾಸ್ಟಿಕ್ ಕವರು ಕೂಡ ಇನ್ನೂ ಬಿಚ್ಚದೆ ನಾನು ಕಾದಿರೋವಾಗ, ನೀನು ವ್ಯಾನ್ ಹತ್ತಿ ಊರೂರು ಸುತ್ತಿ ಸ್ಟೇಜ್ ಮೇಲೆ ಹೂದಾನಿ ಥರ ನಿಲ್ಲೋಕೆ ಹೋಗ್ತೀಯಾ?

ಕುರ್ಚಿಯ ಕೈ ಬಿಡು. ರೆಕ್ಸಿನ್ ಕಿತ್ತು ಬರತ್ತೆ.

ಏನ್ ಸಿಸ್ಟರ್? ...ಏನು? ಅಯ್ಯೋ, ಆ ಮಾಸ್ಕ್ ಇಳಿಸಿ ಮಾತಾಡಿ ಅಂತ ಎಷ್ಟು ಸಲ ಹೇಳೋದು ನಿಮಗೆ! ಹೊಟ್ಟೆಯೊಳಗೆ ಮಾತಾಡಿದ್ರೆ ಹೊಟ್ಟೆಗೇ ಕೇಳಿಸ್ಬೇಕು. ...ಫೋನಾ? ಯಾವಾಗ ರಿಂಗಾಯ್ತು? ಆಮೇಲೆ ಮಾಡೋಕೆ ಹೇಳಿ. ಹಲ್ಲಿಗೆ ಕ್ಯಾಪ್ ಕೂರಿಸೋ ಸಿಮೆಂಟ್ ಕಲಸಿ, ಹೋಗಿ. ...ನೋಡಿದ್ಯಾ ಇವರ ಕತೆ? ನಿನಗೆ ನಗು. ಹತ್ತಿ ಕಚ್ಕೊಂಡು ನಗಬೇಡ, ಜೊಲ್ಲು ಬರತ್ತೆ. ಈಗಿನವರಿಗೆ ಬಾಯಿಬಿಟ್ಟು ಮಾತಾಡೋದೇ ಗೊತ್ತಿಲ್ಲ. ನೀನೂ ಅಷ್ಟೇ, ಬೆನ್ನು ತಿರುಗಿಸ್ಕೊಂಡು ಫ್ರಿಜ್ ಒಳಗೆ ತಲೆ ಹಾಕಿ ಏನೋ ಹೇಳ್ತೀಯ, ಆಮೇಲೆ 'ಹೇಳಿದ್ನಲ್ಲಮ್ಮಾ' ಅಂತೀಯ.

ಎಲ್ಲಿದ್ದೆ? ಹಾಂ. ನಿನ್ನ ತಲೇಲಿ ಓಡ್ತಾ ಇರೋದು ನನಗೆ ಗೊತ್ತು. ಅಮ್ಮನಿಗೆ ರಾಕ್ ಏನು ಗೊತ್ತು, ಹಲ್ಲು ಕೊರೆಯೋಳಿಗೆ. ಅಲ್ವಾ? ಕಣ್ಣು ತಪ್ಪಿಸ್ಬೇಡ! ಹಳೇ ರಾಕ್ ಬ್ಯಾಂಡು ಅಂತ ಎದೆ ಮೇಲೆ ಅಚ್ಚು ಹಾಕಿಸ್ಕೊಂಡು ಓಡಾಡ್ತಾರಲ್ಲ ನಿನ್ನ ಹುಡುಗರು, ಅವರ ಅಪ್ಪಂದಿರಿಗೆ ಮೀಸೆ ಬರೋ ಮುಂಚೆ ಆ ಬ್ಯಾಂಡುಗಳನ್ನ ದಿನವಿಡೀ ಕಿವಿಗೆ ಸುರ್ಕೊಂಡೋಳು ನಾನು. ಇಷ್ಟಪಟ್ಟಲ್ಲ. ವಿಧಿಯಿಲ್ಲದೆ.

ಓದು ಮುಗಿಸಿ ನಾನು ದೊಡ್ಡ ಡಾಕ್ಟರ್ ಕೈಕೆಳಗೆ ಸೇರಿದ್ನಲ್ಲ, ಇದೇ ಕ್ಲಿನಿಕ್ಕು. ಆಗ ಡ್ರಿಲ್ ಅಂದ್ರೆ ಈಗಿನ ಹಾಗಲ್ಲ, ಬೀದಿ ಕೊನೆವರೆಗೂ ಕೀಂ ಅಂತ ಕೇಳೋದು. ಬೆಂಚಿನ ಮೇಲೆ ಕೂತೋರು ಅದನ್ನ ಕೇಳಿ ಮೆಲ್ಲಗೆ ಚಪ್ಪಲಿ ಮೆಟ್ಟಿ ಜಾರ್ಕೊಳ್ಳೋರು. ಅದಕ್ಕೆ ಆ ಮಹಾನುಭಾವರು ಕಂಡುಕೊಂಡ ಉಪಾಯ ಏನು ಹೇಳು? ಇನ್ನೂ ದೊಡ್ಡ ಗಲಾಟೆ! ಕ್ಯಾಸೆಟ್ ಮೇಲೆ ಕ್ಯಾಸೆಟ್ಟು. ಇಂಗ್ಲಿಷಿನ ಆ ಉದ್ದ ಕೂದಲಿನವರು. ಮೊದಲನೇ ದಿನವೇ ಕೇಳಿದೆ, 'ಸಾರ್, ಈ ಮನುಷ್ಯನಿಗೆ ಅನಸ್ತೇಸಿಯಾ ಕೊಡದೆ ಯಾರು ಹಲ್ಲು ಕಿತ್ತಿದ್ದು?' ಅಂತ. ಅವರು ನಕ್ಕಿದ್ದೂ ನಕ್ಕಿದ್ದೇ. ನಾನು ತಮಾಷೆಗೆ ಕೇಳಿರ್ಲಿಲ್ಲ ಕಣೇ.

ಹೆಸರು ನೆನಪಿಟ್ಟುಕೊಳ್ಳೋ ಕರ್ಮ ಯಾಕೆ ಅಂತ ನಾನೇ ಹೆಸರಿಟ್ಟಿದ್ದೆ. ಒಂದು ಗಡ್ಡದವರ ಬ್ಯಾಂಡು. ಒಂದು ಜಗಳಗಂಟರದು, ಅವರ ಪ್ರತಿ ಹಾಡೂ ಬಾಡಿಗೆ ಮನೆ ಖಾಲಿ ಮಾಡಿಸೋ ಥರ ಶುರುವಾಗೋದು. ಇನ್ನೊಂದು ನಿದ್ದೆಗಣ್ಣಿನವರದು. ಅವರು ಹಾಡು ಶುರು ಮಾಡೋದ್ರೊಳಗೆ ನಾನು ಒಂದು ದವಡೆ ಸ್ವಚ್ಛ ಮಾಡಿ ಮುಗಿಸ್ತಿದ್ದೆ. ಮನೆಗೆ ಹೋದ್ರೂ ತಲೆಯೊಳಗೆ ಝಂಯ್ ಅಂತಿರೋದು. ಕೆಲಸ ಬಿಡ್ತೀನಿ ಅಂದಾಗ ದೊಡ್ಡ ಡಾಕ್ಟರ್ ಏನಂದ್ರು ಗೊತ್ತಾ? 'ನೀನು ಹಾಡು ಕೇಳೋಕೆ ಹೋಗ್ತೀಯ, ಅದೇ ತಪ್ಪು. ಬಾಯಿ ನೋಡೋವಾಗ ಬಾಯಿ ನೋಡ್ತೀವಾ ನಾವು? ಒಂದೊಂದೇ ಹಲ್ಲು ನೋಡ್ತೀವಿ. ಒಬ್ಬನನ್ನ ಹಿಡ್ಕೋ. ಮಿಕ್ಕವರು ಹಾಳಾಗ್ಲಿ.'

ಸರಿ ಅಂತ ಬೇಸ್ ಬಾರಿಸೋನನ್ನ ಹಿಡ್ಕೊಂಡೆ, ಯಾಕಂದ್ರೆ ಅವನೊಬ್ಬನೇ ಕಿರುಚದೆ ಇದ್ದಿದ್ದು. ತಿಂಗಳುಗಟ್ಟಲೆ ಬರೀ ಅವನು. ಆಮೇಲೆ ಡ್ರಮ್ಮು. ಜಗಳಗಂಟರ ಡ್ರಮ್ಮಿನವನು ಒಂದು ಕೂದಲೆಳೆ ತಡವಾಗಿ ಬಡೀತಾನೆ, ಯಾವಾಗಲೂ. ಮೊದಲು ಸೋಮಾರಿ ಅಂದ್ಕೊಂಡಿದ್ದೆ. ವರ್ಷ ಕಳೆದ ಮೇಲೆ ಹೊಳೀತು... ಬಾಗಿಲು ಹಾಕೋ ಮುಂಚೆ ಒಂದು ಸಲ ತಿರುಗಿ ನೋಡ್ತಾರಲ್ಲ, ಆ ತಡ ಅದು. ಅದಿಲ್ದಿದ್ರೆ ಆ ಹಾಡೇ ಇಲ್ಲ. ಗಡ್ಡದವರ ಗಿಟಾರಿನವನು ಹಿಡ್ಕೊಂಡ್ರೆ ಬಿಡ್ತಿರ್ಲಿಲ್ಲ, ಇವನಿಗೆ ನಿಲ್ಲಿಸೋಕೆ ಬರಲ್ಲ ಅಂತ ಬಯ್ಯೋಳು. ಒಂದು ದಿನ ಬಾಚಿಹಲ್ಲಿನ ಬೇರು ತೆಗೀತಾ ಇದ್ದೀನಿ, ಕೈ ಅದರ ಪಾಡಿಗೆ ಕೆಲಸ ಮಾಡ್ತಿದೆ, ಅವನು ನುಡಿಸ್ತಾ ನುಡಿಸ್ತಾ ಬೇರೆ ಬೀದಿಯಿಂದ ಸುತ್ತಿ ಬಂದು ಮೊದಲಿನ ರಾಗದ ಮನೆ ಬಾಗಿಲನ್ನೇ ತಟ್ಟಿದ ಕಣೇ... ನಾನು ಅಲ್ಲೇ ನಿಂತ್ಬಿಟ್ಟೆ. ರೋಗಿ ಕೈ ಆಡಿಸಿದ, ಏನಾಯ್ತು ಡಾಕ್ಟರೇ ಅಂತ.

ಏನು ಹಾಗೆ ನೋಡ್ತೀಯ? ಹೊಗಳ್ತಾ ಇಲ್ಲ ನಾನು. ಅವರೆಲ್ಲ ಸ್ನಾನ ಮಾಡದ ಜನ, ಅನುಮಾನವೇ ಬೇಡ. ಆದ್ರೆ ಒಬ್ಬರನ್ನೊಬ್ಬರು ಕೇಳಿಸ್ಕೊಳ್ಳೋರು. ನಿನ್ನವರ ಥರ ತಂತಮ್ಮ ಫೋಟೋಗೆ ನುಡಿಸ್ತಾ ಇರ್ಲಿಲ್ಲ.

ಮತ್ತೆ ಇನ್ನೊಂದು. ಆ ಹಳೇ ಹಾಡುಗಳು ವರ್ಷ ಹೋದ ಹಾಗೆ ಹಣ್ಣಾಗಿವೆ ಅಂದ್ರೆ ನಂಬ್ತೀಯಾ? ಅದೇ ಕ್ಯಾಸೆಟ್ಟುಗಳು ಕಣೇ, ದೊಡ್ಡ ಡಾಕ್ಟರ್ ಹೋಗೋವಾಗ ನನಗೇ ಬಿಟ್ಟುಹೋದವು. ಮೊದಲೆಲ್ಲ ಆ ತಾಳದ ತಟ್ಟೆಗಳು ಚ್ಛಿ ಚ್ಛಿ ಚ್ಛಿ ಅಂತ ಮುಖಕ್ಕೆ ಮರಳು ಎರಚೋವು. ಈಗ ಅದೆಲ್ಲ ಅಡಗಿದೆ. ಮೆತ್ತಗೆ, ಗುಂಡಗೆ, ತಳದಿಂದ ಬರತ್ತೆ... ಯಾಕೆ ಹುಬ್ಬು ಏರಿಸ್ತೀಯ? ಕ್ಯಾಸೆಟ್ ಸವೆಯತ್ತೆ, ಅದಕ್ಕೇ. ನಿಮ್ಮ ಫೋನುಗಳಲ್ಲಿ ಸವೆಯೋದು ಏನಿದೆ? ದೊಡ್ಡ ಡಾಕ್ಟರೂ ಕೊನೆಕೊನೆಗೆ ಅದನ್ನೇ ಹೇಳೋರು. ವಾಲ್ಯೂಮ್ ತಿರುಗಿಸಿ ತಿರುಗಿಸಿ ಗುಂಡಿಯೇ ಕೈಗೆ ಬರೋದು. ನಾವೆಲ್ಲ ಒಳಕೋಣೆಯಲ್ಲಿ ಸೆರಗು ಕಚ್ಕೊಂಡು ನಗ್ತಿದ್ವಿ... ಬಿಡು. ಅವರ ವಿಷಯ ಬೇರೆ.

ಬಂತಾ ಸಿಮೆಂಟು? ಇಲ್ಲಿ ಕೊಡಿ. ಈಗ ಅಲ್ಲಾಡಬೇಡ... ಕ್ಯಾಪ್ ಕೂರಿಸ್ತಾ ಇದ್ದೀನಿ. ಹಾಂ. ಕಚ್ಚು. ಜೋರಾಗಿ. ಹತ್ತಿ ಉಂಡೆ ಹಲ್ಲಿನ ಮಧ್ಯೆ ಇರಲಿ, ಬಿಡಬೇಡ. ದೊಡ್ಡ ಡಾಕ್ಟರ್ ಕಾಲದಿಂದ ಇಲ್ಲಿ ಗಡಿಯಾರ ನೋಡೋ ಪದ್ಧತಿ ಇಲ್ಲ ಅಂತ ಗೊತ್ತಲ್ಲ? ಒಂದು ಹಾಡಿನ ಹೊತ್ತು ಕಚ್ಚಿಕೊಂಡಿರಬೇಕು. ಹಾಡು ಮುಗಿದ್ರೆ ಸಿಮೆಂಟ್ ಗಟ್ಟಿ. ಅವರಿಗೆ ಯಾವ ಹಾಡು ಯಾವ ಸಿಮೆಂಟಿಗೆ ಅಂತ ಬಾಯಿಪಾಠ ಇತ್ತು. ಆ ನಿದ್ದೆಗಣ್ಣಿನವರ ಹಾಡು ಹಾಕಿದ್ರೆ ರೋಗಿ ಮನೆಗೇ ಹೋಗ್ತಿರ್ಲಿಲ್ಲ.

ಇವತ್ತು ನಿಮ್ಮದನ್ನೇ ಹಾಕೋಣ. ಹೂಂ, ನಿಮ್ಮ ಬ್ಯಾಂಡಿನದು. ಆ ಕೊನೆಯ ಹಾಡು. ಉದ್ದ ಇದೆಯಲ್ಲ, ಸಿಮೆಂಟಿಗಾದ್ರೂ ಪ್ರಯೋಜನಕ್ಕೆ ಬರಲಿ! ಸಿಸ್ಟರ್, ಇವಳ ಫೋನಿಂದ ಹಾಕಿ, ಗೋಡೆ ಮೇಲಿನ ಸ್ಪೀಕರಿಗೆ. ಜೋರಾಗಿ. ಇನ್ನೂ... ಇನ್ನೊಂಚೂರು. ಮುಖ ಯಾಕೆ ಕಿವುಚ್ತೀರಿ ಸಿಸ್ಟರ್, ಇದು ಇವಳ ಕಲೆ, ಅನುಭವಿಸಿ.

ಬಂದ ನೋಡು ಡುಮ್ಮ. ಡುಂ... ಡುಂ... ಮೆಟ್ಟಿಲು ಹತ್ತಿ ಏದುಸಿರು ಬಿಡೋ ಹಾಗಿದೆ. ಜುಟ್ಟಿನವನು ಪರವಾಗಿಲ್ಲ. ಹಾಡೋ ಹುಡುಗ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡಿದ್ದಾನೆ, ಒಂದಕ್ಷರ ಬಿಡಿಸಿ ಹೇಳಲ್ಲ. ...ನೀನು ಬಂದ್ಯಾ? ಇನ್ನೂ ಇಲ್ಲ. ...ಈಗ? ...ಇಲ್ಲಪ್ಪ. ಇದಕ್ಕೆ ನೀನು ಆ ವ್ಯಾನಲ್ಲಿ ನಿದ್ದೆಗೆಟ್ಟು...

ಇಲ್ಲಿದ್ರೆ ಏನು ಕಷ್ಟ ನಿನಗೆ? ನಾನು ಕೆಲಸ ಮಾಡ್ತೀನಿ, ನೀನು ಪಕ್ಕದಲ್ಲಿದ್ರೆ ಸಾಕು. ಎಲ್ಲಿ ನೋವು, ಯಾವಾಗಿಂದ ಅಂತ ರೋಗಿಗಳನ್ನ ಮಾತಾಡಿಸು. ಆ ಫೋನ್ ಎತ್ತು. ಮಕ್ಕಳು ಬಂದ್ರೆ ನೀನೇ ನೋಡ್ಕೋ, ಅವು ಸಣ್ಣ ದನಿಯಲ್ಲಿ ಏನೋ ಪಿಸುಗುಟ್ತವೆ, ನನಗೆ ತಾಳ್ಮೆ ಇಲ್ಲ. ಮೊನ್ನೆ ಒಂದು ಪುಟ್ಟ ಹುಡುಗಿ ನೋಯ್ತಿದೆ ಅಂತ ಎರಡೆರಡು ಸಲ ಹೇಳಿತಂತೆ, ಅವರಮ್ಮ ಬಾಗಿಲು ದೂಡ್ಕೊಂಡು ಬಂದು ನನ್ನ ಮೇಲೆ ರೇಗಾಡಿದ್ಲು. ಹೇಳಿದ್ರೆ ನಾನು ನಿಲ್ಲಿಸ್ತಿರ್ಲಿಲ್ವಾ? ...ಆಮೇಲೆ ಅದಕ್ಕೆ ಏನೂ ಆಗ್ಲಿಲ್ಲ, ಬಲೂನ್ ಕೊಟ್ಟೆ. ಹಾಗಲ್ಲ, ಪಕ್ಕದಲ್ಲಿ ಒಬ್ಬರು ನಮ್ಮವರು ಇರಬೇಕು ಅಂತ. ಅಷ್ಟೇ. ಇದ್ರಲ್ಲಿ ಏನಿದೆ? ಯಾವ ತಾಯಿಗೂ ಇರೋ ಆಸೆ.

ಯಾಕೆ ಹಾಗೆ ತಿರುಗಿ ನೋಡ್ತಿದ್ದೀಯ? ಕಚ್ಕೊಂಡಿರು.

ಹಾಂ, ಮುಗೀತು. ನೋಡಿದ್ಯಾ ಮುಗಿಸಿದ ಚೆಂದ? ಜುಟ್ಟಿನವನು ದಬ್ ಅಂತ ಒಂದು ಏಟು ಕೊಟ್ಟ, ಡುಮ್ಮ ಗುಂಯ್ ಅಂದ, ಕರೆಂಟ್ ಹೋದ ಹಾಗೆ ಎಲ್ಲ ಬಂದ್. ಹಳಬರು ಹೀಗೆ ಎದ್ದು ಹೋಗ್ತಿರ್ಲಿಲ್ಲ ಕಣೇ. ಬಾಗಿಲವರೆಗೂ ಬಂದು ಬೀಳ್ಕೊಡೋರು. ಇದು ಮುಗಿಸೋದಲ್ಲ, ಕೈ ಝಾಡಿಸೋದು. ಬಾಯಿ ತೆಗಿ.

ತೆಗಿಯೇ. ಹತ್ತಿ ತೆಗೀಬೇಕು.

ಹಠಾನಾ? ಹಾಡು ಮುಗೀತಲ್ಲ, ಇನ್ಯಾಕೆ ಕಚ್ಕೊಂಡಿದ್ದೀಯ? ಸಿಟ್ಟಿದ್ರೆ ಬಾಯಿಬಿಟ್ಟು ಬಯ್ಯಿ, ಈಗ ಬಯ್ಯಬಹುದು. ...ಏನೇ ಅದು ಬೆರಳಲ್ಲಿ? ಹೊಟ್ಟೆ ಮೇಲೆ ಏನು ಬಾರಿಸ್ತಿದ್ದೀಯ? ಬಲಗೈ... ಕೀಬೋರ್ಡಿನ ಅಷ್ಟು ತುದಿಗೆ, ಆ ಸಣ್ಣ ಸ್ವರಗಳ ಕಡೆಗೆ...

ಸಿಸ್ಟರ್, ಆ ಸ್ಪೀಕರ್ ಆಫ್ ಮಾಡಿ. ...ಸಿಸ್ಟರ್? ನೀವ್ಯಾಕೆ ತಟ್ಟೆ ಹಿಡ್ಕೊಂಡು ಹಾಗೆ ನಿಂತ್ಬಿಟ್ರಿ? ಏನು ನೋಡ್ತಿದ್ದೀರಿ ಅಲ್ಲಿ ಗೋಡೆ ಮೇಲೆ?

ಇನ್ನೂ... ಇದೆಯಾ?

ಏನಾದ್ರೂ ಹೇಳೇ. ಹೂಂ ಅನ್ನು, ಉಹೂಂ ಅನ್ನು. ಹೂಂ ಅಂದ್ರೆ ನನಗೆ ಕೇಳತ್ತೆ... ಬರೀ ಹಾಗೆ ನೋಡ್ಬೇಡ. ನಿನ್ನದಾ ಅದು? ಎಲ್ಲರೂ ನಿಲ್ಲಿಸಿದ ಮೇಲೆ... ನೀನೊಬ್ಬಳೇನಾ?

ಯಾವಾಗಿಂದ ಅಂತ ಕೇಳ್ಬೇಡ. ನಿಮ್ಮಪ್ಪನಿಗೆ ಗೊತ್ತಿಲ್ಲ. ಕಿವಿ ಡಾಕ್ಟರಿಗೆ ಗೊತ್ತು, ಆ ಮಹಾರಾಯ ಡ್ರಿಲ್ ಸದ್ದಿಗೆ ಸಣ್ಣ ದನಿಗಳೇ ಮೊದಲು ಹೋಗತ್ವೆ ಅಂತ ನನಗೇ ಪಾಠ ಹೇಳಿದ... ಅಯ್ಯೋ ಪಾಪ ಅಂತ ಮುಖ ಮಾಡ್ಬೇಡ! ಆ ಮುಖ ಇಟ್ಕೊಂಡು ಪಕ್ಕದ ಕೋಣೆಗೆ ಬಂದು ಕೂತೆಯೋ, ಆ ಕುರ್ಚೀನ ನಾನೇ ಬೀದಿಗೆ ಎಸೀತೀನಿ. ಹೋಗು ಅಂತ ಹೇಳ್ತಿಲ್ಲ ನಾನು. ಕೇಳದೆ ಆಡಿದ ಮಾತು ಮಾತಲ್ಲ, ವಾಪಸ್ ತಗೊಂಡಿದ್ದೀನಿ, ಅಷ್ಟೇ. ಸಂಜೆ ಅವರಿಗೆ ಹೇಳೋ ಉತ್ತರ ನಿನ್ನದು.

ಬೇಡ, ಈಗ ಬಾಯಿ ತೆಗೀಬೇಡ. ಸಿಸ್ಟರ್, ಆಫ್ ಮಾಡ್ಬೇಡಿ, ಇರಲಿ. ನುಡಿಸು ನೀನು. ಆ ಬೆರಳು ನಿಂತಾಗ ಮುಗೀತು ಅಂತ ತಿಳ್ಕೋತೀನಿ.