ಎಡಗಡೆಯ ಕೋಣೆ

ಪ್ರವಾಸಿ ಹಡಗಿನ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಕೌಂಟರಿನ ಹುಡುಗಿಯನ್ನು ಕೇಳಿದರು:

"ಹೊರಗಡೆ ನೋಡೋಕೆ ಯಾವ ಕಡೆ ಕೋಣೆ ಚೆನ್ನಾಗಿರುತ್ತಮ್ಮಾ?"

"ಎಡಗಡೆ, ಸರ್. ಬಲಗಡೆ ಬರೀ ನೀರು. ಮೊದಲನೇ ಸಲಾನಾ?"

"ಇದೇ ಹಡಗಲ್ಲಿ ಇಪ್ಪತ್ತಾರು ವರ್ಷ ದುಡಿದಿದೀನಿ. ಕೆಳಗಡೆ, ಇಂಜಿನ್ ರೂಮಲ್ಲಿ. ಕಿಟಕಿ ಇಲ್ಲ. ಮೇಲೆ ಬರೋ ಹೊತ್ತಿಗೆ ಕತ್ತಲಾಗಿರೋದು."

"ಅಯ್ಯೋ, ಏನೂ ನೋಡೇ ಇಲ್ವಾ?"

"ಫೋನ್ ಮಾಡಿದಾಗೆಲ್ಲ ಹೆಂಡ್ತಿ ಕೇಳೋಳು, ಏನೇನು ನೋಡಿದ್ರಿ ಅಂತ. ಬೆಟ್ಟ, ಜಲಪಾತ ಅಂತ ಬಾಯಿಗೆ ಬಂದಿದ್ದು ಹೇಳ್ತಿದ್ದೆ."

"ಜಲಪಾತ ನಿಜವಾಗ್ಲೂ ಇದೆ ಸರ್, ಎಡಗಡೆಗೇ. ಇಬ್ಬರಿಗೆ ಬರೀಲಾ?"

"ಒಬ್ಬನಿಗೇ. ಅವಳು ತೀರ್ಕೊಂಡು ಎರಡು ವರ್ಷ ಆಯ್ತು."

ಹುಡುಗಿ ಎಡಗಡೆಯ ಕೋಣೆಗೆ ಒಂದು ಟಿಕೆಟ್ ಬರೆದು ಕೊಟ್ಟಳು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಆ ಜಲಪಾತ ಆಗ್ಲೂ ಇತ್ತಲ್ವೇನಮ್ಮಾ?"

"ಇತ್ತು ಸರ್."

ತಲೆಯಾಡಿಸಿ ಹೊರಗೆ ನಡೆದರು.